ಅತ್ತೆಯ ಪ್ರಾರ್ಥನೆಗೆ ನಾನು ಆಮೆನ್ ಹೇಳಿದ ದಿನ

ಕ್ರಿಸ್ತನಲ್ಲಿ ಪ್ರಿಯ ಸಹೋದರಿಯರೇ, ನಮ್ಮ ಮನೆಯ ತೊಂದರೆ ಶುರುವಾದದ್ದು ಸಂಜೆಯ ಪ್ರಾರ್ಥನೆಯಲ್ಲಿ. ಹೀಗೆ ಬರೆದರೆ ಸಭಾಪಾಲಕರು ಹುಬ್ಬೇರಿಸುತ್ತಾರೆಂದು ಗೊತ್ತು. ಆದರೆ ದೇವರು ಮಾಡಿದ ಉಪಕಾರದ ಸಾಕ್ಷಿ ಬರೆದುಕೊಡಿ ಎಂದು ಬೆನ್ನು ಹತ್ತಿದವರು ಅವರೇ. ಬರೆಯುವುದಾದರೆ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

೧೯೭೬ರಲ್ಲಿ ಮದುವೆಯಾಗಿ ನಾನು ಕಾರ್ಕಳದಿಂದ ಕಾಪುವಿಗೆ ಬಂದೆ. ಮನೆಯಲ್ಲಿದ್ದವರು ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದ ನನ್ನ ಗಂಡ ದೇವದಾಸ, ಅವರ ತಾಯಿ ಮತ್ತು ನಾನು. ಮನೆಮಾತು ತುಳು. ಪ್ರಾರ್ಥನೆ ಮಾತ್ರ ಕನ್ನಡದಲ್ಲಿ, ಅದೂ ಬೈಬಲಿನ ಕನ್ನಡದಲ್ಲಿ. ಕತ್ತಲಾಗುವ ಹೊತ್ತಿಗೆ ಚಾಪೆ ಹಾಸಿ ಕೂತು, ಒಂದು ಗೀತೆ ಹಾಡಿ, ಒಬ್ಬೊಬ್ಬರಾಗಿ ಗಟ್ಟಿಯಾಗಿ ಪ್ರಾರ್ಥಿಸಬೇಕು. ಮೊದಲು ಅತ್ತೆ, ಆಮೇಲೆ ಗಂಡ, ಕೊನೆಗೆ ನಾನು.

ಆಗ ನನಗೆ ಉಡುಪಿಯಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಕೆಲಸ. ಬೆಳಿಗ್ಗೆ ಬಸ್ಸಿನಲ್ಲಿ ನಿಂತು ಹೋಗಿ ಸಂಜೆ ನಿಂತೇ ಬರುವುದು. ಆದರೂ ಆ ಕೆಲಸ ನನಗೆ ಇಷ್ಟವಿತ್ತು. ಇಂಗ್ಲಿಷ್ ಕಾಗದಗಳನ್ನು ತಪ್ಪಿಲ್ಲದೆ ಹೊಡೆದುಕೊಟ್ಟರೆ ನಾನೂ ಒಂದು ಜನ ಎಂದು ಅನಿಸುತ್ತಿತ್ತು. ಮರುವರ್ಷ ಮಗಳು ಶೀಲಾ ಹುಟ್ಟಿದಳು. ಬಾಣಂತನ ಮುಗಿದ ಮೇಲೆ ಮತ್ತೆ ಆಫೀಸಿಗೆ ಹೋಗುವ ಮಾತೆತ್ತಿದೆ. ಅತ್ತೆ ತುಳುವಿನಲ್ಲಿ ಏನೂ ಹೇಳಲಿಲ್ಲ. ಸಂಜೆ ಕಣ್ಣು ಮುಚ್ಚಿ ಕನ್ನಡದಲ್ಲಿ ಹೇಳಿದರು.

"ಕರ್ತನೇ, ಹಾಲು ಕುಡಿಯುವ ಕೂಸನ್ನು ಬಿಟ್ಟು ಬಸ್ಸು ಹತ್ತುವ ಮನಸ್ಸನ್ನು ನಿನ್ನ ದಾಸಿಯಾದ ಸುಗುಣಳಿಂದ ತೆಗೆದುಹಾಕು."

ಎಂತ ಮಾಡುವುದು ಹೇಳಿ. ಮಾತಿಗೆ ಮಾತು ಕೊಡಬಹುದು. ಪ್ರಾರ್ಥನೆಯ ನಡುವೆ ಬಾಯಿ ಹಾಕುವಂತಿಲ್ಲ. ನನ್ನ ಸರದಿ ಬರುವವರೆಗೆ ಹಲ್ಲು ಕಚ್ಚಿ ಕೂತು, ನಾನೂ ಕೈ ಮುಗಿದು ಶುರು ಮಾಡಿದೆ. "ಕರ್ತನೇ, ಈ ಮನೆಯ ಹಿರಿಯರಿಗೆ ಮೊಮ್ಮಗಳನ್ನು ನೋಡಿಕೊಳ್ಳುವ ಸಂತೋಷವನ್ನು ಅನುಗ್ರಹಿಸು." ಪಾಪ, ನಮ್ಮ ನಡುವೆ ಕೂತ ದೇವದಾಸ ಅಂದಿನಿಂದ ಊಟಕ್ಕಾಗಿ ಸ್ತೋತ್ರ ಹೇಳಿ ಮುಗಿಸಿಬಿಡುತ್ತಿದ್ದರು.

ಕೊನೆಗೆ ಕೆಲಸ ಬಿಟ್ಟವಳು ನಾನೇ. ಯಾಕೆಂದರೆ ಅತ್ತೆ ಮಗುವನ್ನು ಎತ್ತಿಕೊಳ್ಳುತ್ತಿರಲಿಲ್ಲ. ಜಗಲಿಯಲ್ಲಿ ಕೂತು ಹಾಡು ಹೇಳುವರು, ಬೀಸಣಿಗೆ ಬೀಸುವರು, ಎದ್ದು ಓಡಾಡುವುದು ಇಲ್ಲ. ನಡೆಯಲು ಕಲಿತ ಶೀಲಾ ಒಂದು ದಿನ ಬಾವಿಯ ಕಡೆ ಓಡಿದಳು. ಅತ್ತೆ ಕೂತಲ್ಲಿಂದಲೇ ಕಿರುಚಿದರೇ ಹೊರತು ಏಳಲಿಲ್ಲ. ಹಿತ್ತಲಿನಿಂದ ಓಡಿ ಬಂದು ಮಗುವನ್ನು ಹಿಡಿದವಳು ನಾನು. ಆ ಸಿಟ್ಟನ್ನು ನಾನು ವರ್ಷಗಟ್ಟಲೆ ಸಾಕಿದೆ. ಅಂದಿನಿಂದ ಅವರ ಪ್ರಾರ್ಥನೆಗೆ ಆಮೆನ್ ಹೇಳುವುದನ್ನೂ ಬಿಟ್ಟೆ. ತುಟಿ ಮಾತ್ರ ಅಲ್ಲಾಡಿಸುತ್ತಿದ್ದೆ. ಅವರಿಗೆ ಅದು ಗೊತ್ತಿತ್ತು.

೧೯೭೯ರಲ್ಲಿ ಕಾರ್ಕಳದ ಒಂದು ಶಾಲೆಯಲ್ಲಿ ರಜೆಯ ಮೇಲೆ ಹೋದ ಟೀಚರ ಜಾಗ ಖಾಲಿ ಇದೆಯೆಂದು ನನ್ನ ಅಕ್ಕ ಹೇಳಿ ಕಳುಹಿಸಿದಳು. ಶೀಲಾಳನ್ನು ಅಕ್ಕನ ಮನೆಯಲ್ಲಿ ಬಿಟ್ಟು ಪಾಠ ಮಾಡಬಹುದಿತ್ತು. ಹೋದೆ. ದಿನಾ ಬಸ್ಸು ಬೆಳ್ಮಣ್ ದಾಟುವ ಮೊದಲೇ ಮಗು ವಾಂತಿ ಮಾಡುವುದು, ನನ್ನ ಸೀರೆ ಹಾಳಾಗುವುದು, ಕಂಡಕ್ಟರ್ ನನ್ನನ್ನೇ ದುರುಗುಟ್ಟಿ ನೋಡುವುದು. ಇಷ್ಟಾದರೂ ಪಾಠ ಹೇಳುವುದು ನನಗೆ ಒಗ್ಗಿತು. ಒಂದೇ ವಿಷಯವನ್ನು ಮೂರು ಬಗೆಯಲ್ಲಿ ಹೇಳಿ, ಮಕ್ಕಳ ಬಾಯಿಯಿಂದ ತಿರುಗಿ ಹೇಳಿಸುವ ಅಭ್ಯಾಸ ಅಲ್ಲಿ ಆಯಿತು. ಇದೇ ದೇವರು ಕೊಟ್ಟ ದಾರಿ ಎಂದು ನಂಬಿ ಸಭೆಯಲ್ಲಿ ಸ್ತೋತ್ರವನ್ನೂ ಹೇಳಿದೆ. ಮರುತಿಂಗಳು ರಜೆಗೆ ಹೋದ ಟೀಚರು ಗುಂಡುಕಲ್ಲಿನ ಹಾಗೆ ವಾಪಸು ಬಂದರು.

ಆಮೇಲೆ ಮಗ ಪ್ರಶಾಂತ ಹುಟ್ಟಿದ. ಮನೆಯಲ್ಲೇ ಕೂತು ಮಾಡೋಣವೆಂದು ಹೊಲಿಗೆ ಮೆಷಿನು ತಂದೆ. ನನ್ನ ಕೈಗೂ ಹೊಲಿಗೆಗೂ ದೂರ. ಬೇಲಿಯಾಚೆಯ ಬ್ಯಾರಿ ಮುಸಲ್ಮಾನರ ಮನೆಯ ಹೆಂಗಸರು ಮೊದಲ ರವಿಕೆ ಹಾಕಿ ನೋಡಿ, ಕೈ ಎತ್ತಲಾಗದೆ ನಕ್ಕರು. ಆದರೂ ಬಟ್ಟೆ ತರುವುದನ್ನು ಬಿಡಲಿಲ್ಲ. ರವಿಕೆಗಿಂತ ಮಾತು ಹೆಚ್ಚು. ಅವರೊಡನೆ ಹರಟಿ ಹರಟಿ ಬ್ಯಾರಿ ಭಾಷೆ ನನ್ನ ಬಾಯಿಗೆ ಬಂತು, ಹೊಲಿಗೆ ಬರಲಿಲ್ಲ. ನನಗೆ ದೇವರ ಮೇಲೆಯೇ ರೇಗುತ್ತಿತ್ತು. ಒಂದು ಬಾಗಿಲು ತೆಗೆಯುವುದು, ಕಾಲಿಡುವಷ್ಟರಲ್ಲಿ ಮುಚ್ಚುವುದು. ತಾಯಿಯಾಗಿ ಮಾತ್ರ ಇರು ಎಂದಾದರೆ ಹಾಗೆ ಹೇಳಲಿ. ಬೇರೆ ಕೆಲಸ ಉಂಟು ಎಂದಾದರೆ ತೋರಿಸಲಿ.

೧೯೮೨ರ ಮೇ ತಿಂಗಳಲ್ಲಿ ಪ್ರಶಾಂತನಿಗೆ ವಾಂತಿಭೇದಿ ಹತ್ತಿತು. ಕಾಪುವಿನ ಡಾಕ್ಟರ ಔಷಧಿಗೂ ಅದು ನಿಲ್ಲಲಿಲ್ಲ. ಮಗುವಿನ ಕಣ್ಣು ಒಳಗೆ ಹೋಗಿ, ಅಳುವ ದನಿಯೂ ಇಲ್ಲವಾಯಿತು. ಟ್ಯಾಕ್ಸಿ ಮಾಡಿ ಮಣಿಪಾಲಕ್ಕೆ ಓಡಿದೆವು. ಮಕ್ಕಳ ವಾರ್ಡಿನಲ್ಲಿ ಸಣ್ಣ ಕೈಗೆ ಸೂಜಿ ಚುಚ್ಚಿ ಡ್ರಿಪ್ ಹಾಕಿದರು. ನಾನು ಮಂಚದ ಪಕ್ಕ ಕೂತು, ಜೀವನದಲ್ಲಿ ಮೊದಲ ಸಲ ತುಳುವಿನಲ್ಲಿ ಪ್ರಾರ್ಥಿಸಿದೆ. ಕನ್ನಡ ಹುಡುಕುವಷ್ಟು ತಾಳ್ಮೆ ಇರಲಿಲ್ಲ. "ಮಗುವನ್ನು ಉಳಿಸು. ಕೆಲಸದ ವಿಷಯ ಇನ್ನು ನಿನ್ನ ಹತ್ತಿರ ಎತ್ತುವುದಿಲ್ಲ. ಆದರೆ ನಾನು ನಿನಗೆ ಎಂತಕ್ಕೆ ಬೇಕು ಎಂದು ಒಮ್ಮೆ ಹೇಳಿಬಿಡು."

ಎರಡು ದಿನ ಕಳೆದ ಮೇಲೆ ಮಗು ಕಣ್ಣು ತೆರೆದು ನೀರು ಕೇಳಿತು. ಪುಡಿ ಕಲಸಿದ ಉಪ್ಪು-ಸಕ್ಕರೆಯ ನೀರನ್ನು ಚಮಚದಲ್ಲಿ ಕುಡಿಸುತ್ತಾ ಇರಬೇಕೆಂದು ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದರು. ಉತ್ತರದ ಕಡೆಯ ಎಳೆಯ ಡಾಕ್ಟರು, ನಮ್ಮ ಭಾಷೆ ಒಂದೂ ಬಾರದು. ಪಕ್ಕದ ಮಂಚದಲ್ಲಿ ಬೆಳ್ಮಣ್ ಕಡೆಯ ಒಬ್ಬ ಎಳೆ ತಾಯಿ. ಅವಳಿಗೂ ಅದನ್ನೇ ಹೇಳಿದರು. ಅವಳು ತಲೆಯಾಡಿಸಿದಳು. ಡಾಕ್ಟರು ಆಚೆ ಹೋದದ್ದೇ, ಗ್ಲಾಸಿನ ನೀರನ್ನು ಕಿಟಕಿಯಿಂದ ಹೊರಗೆ ಚೆಲ್ಲಿದಳು.

ನನಗೆ ಪಿತ್ತ ನೆತ್ತಿಗೇರಿತು. "ಎಂತ ಮಾಡಿದ್ದು ನೀನು? ಅದು ಮದ್ದು ಮಾರಾಯ್ತಿ."

"ಹೊಟ್ಟೆ ಹೋಗುವ ಮಗುವಿಗೆ ನೀರು ಕೊಟ್ರೆ ಇನ್ನೂ ಹೋಗುದಿಲ್ವಾ ಅಕ್ಕ?"

"ಹೋದ್ರೆ ಹೋಗ್ಲಿ. ಹೋದದ್ದಕ್ಕಿಂತ ಹೆಚ್ಚು ಒಳಗೆ ಹೋಗ್ಬೇಕು. ಅವರು ಹೇಳಿದ್ದು ಅದನ್ನೇ. ಈಗ ನಾನೆಂತ ಹೇಳಿದೆ, ತಿರುಗಿ ಹೇಳು ನೋಡುವ."

ಅವಳು ತಿರುಗಿ ಹೇಳಿದಳು. ಪುಡಿ ಮತ್ತೆ ಕಲಸಿ, ಅವಳ ಕೈಗೇ ಚಮಚ ಕೊಟ್ಟು ಮಗುವಿಗೆ ಕುಡಿಸಿದೆ. ನನ್ನ ಗದ್ದಲ ಕೇಳಿ ಆಚೆ ಮಂಚದ ಉಚ್ಚಿಲದ ಬ್ಯಾರಿ ಹೆಂಗಸು ಹತ್ತಿರ ಬಂದಳು. ಅವಳಿಗೆ ಅವಳ ಭಾಷೆಯಲ್ಲಿ ಬೈದು ಹೇಳಿದೆ. ಅಂದಿನಿಂದ ಡಾಕ್ಟರು ರೌಂಡ್ಸಿಗೆ ಬಂದರೆ ಎಲ್ಲ ತಾಯಂದಿರೂ ಮೊದಲು ನನ್ನ ಮುಖ ನೋಡುವುದಾಯಿತು. ನನ್ನ ಮಗುವನ್ನು ನೋಡಲು ಬಂದವಳಿಗೆ ಊರಿನ ಮಕ್ಕಳ ಉಸಾಬರಿ ಯಾಕೆ ಎಂದು ಗೊಣಗುತ್ತಲೇ ಎಲ್ಲ ಮಂಚಗಳಿಗೂ ಸುತ್ತಿದೆ.

ಅತ್ತೆ ದಿನಾ ಮಧ್ಯಾಹ್ನ ಗಂಜಿ ತರುತ್ತಿದ್ದರು. ಕಾಪುವಿನಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಮಣಿಪಾಲಕ್ಕೆ ಇನ್ನೊಂದು. ಬರುವಾಗ ಗಂಜಿ ತಣ್ಣಗಾಗಿರುತ್ತಿತ್ತು. ದಾರಿಯಲ್ಲಿ ಯಾರ ಹತ್ತಿರ ಮಾತಿಗೆ ಕೂತು ಪಟ್ಟಾಂಗ ಹೊಡೆಯುತ್ತಾರೋ ಎಂದು ನನಗೆ ಸಿಟ್ಟು. ಒಂದು ದಿನ ಕೆಳಗಿಳಿಯುವಾಗ ನೋಡುತ್ತೇನೆ, ಮೆಟ್ಟಿಲ ನಡುವೆ ಕೂತಿದ್ದಾರೆ, ಮಡಿಲಲ್ಲಿ ಗಂಜಿಯ ತೂಕುಪಾತ್ರೆ. "ಎಂತ ಅತ್ತೆ, ಇಲ್ಲಿ ಕೂತದ್ದು?" ಎಂದು ಕೇಳಿದೆ. "ಗಾಳಿ ಚೆನ್ನಾಗಿ ಉಂಟು" ಅಂದರು. ಮೇ ತಿಂಗಳ ಸೆಖೆಯಲ್ಲಿ ಆ ಮೆಟ್ಟಿಲಲ್ಲಿ ಎಂಥ ಗಾಳಿಯೋ.

ಮನೆಗೆ ಹೊರಡುವ ದಿನ ವಾರ್ಡಿನ ಹಿರಿಯ ಸಿಸ್ಟರ್ ಅತ್ತೆಯ ಎದುರೇ ಕೇಳಿದರು. "ಸುಗುಣ, ನೀವು ಇಲ್ಲಿ ಕೆಲಸಕ್ಕೆ ಬರ್ತೀರಾ? ತಾಯಂದಿರಿಗೆ ತಿಳಿಸಿ ಹೇಳ್ಲಿಕ್ಕೆ ಒಬ್ರು ಬೇಕು ಅಂತ ಡಾಕ್ಟರು ಒಪ್ಪಿದ್ದಾರೆ. ಹಗಲು ಮಾತ್ರ. ನಾವು ಹೇಳಿದ್ರೆ ಇವರು ತಲೆ ಆಡಿಸ್ತಾರೆ, ನೀವು ಹೇಳಿದ್ರೆ ಮಾಡ್ತಾರೆ."

"ನಾನು ಹೇಳಿದ್ದಲ್ಲ ಸಿಸ್ಟರ್, ಬೈದದ್ದು."

"ಹಾಗಾದ್ರೆ ದಿನಾ ಬಂದು ಬೈಯಿರಿ."

ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದೆ. ಬಸ್ಸಿನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದನ್ನೇ ಎಣಿಸಿದೆ. ಟೈಪಿಸ್ಟ್ ಕೆಲಸದ ಇಂಗ್ಲಿಷ್, ಶಾಲೆಯ ತಿರುಗಿ ಹೇಳಿಸುವ ಅಭ್ಯಾಸ, ಹೊಲಿಗೆಯ ನೆಪದಲ್ಲಿ ಕಲಿತ ಬ್ಯಾರಿ, ಹೆತ್ತ ಹೊಟ್ಟೆಯ ಸಂಕಟ, ಕೊನೆಗೆ ನನ್ನ ಸಿಟ್ಟು ಸಹ ಆ ವಾರ್ಡಿನಲ್ಲಿ ಬೇಕಾಗಿತ್ತು. ಇಷ್ಟು ವರ್ಷ ದೇವರು ನನ್ನನ್ನು ಅಲೆದಾಡಿಸಿದ್ದು ಇದಕ್ಕೆ. ಮೊದಲೇ ಒಂದು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಅತ್ತೆ ಮಾತ್ರ ಕಿಟಕಿಯ ಹೊರಗೆ ನೋಡುತ್ತಾ ಕೂತರು. ಮಾತನ್ನೆಲ್ಲ ಸಂಜೆಯ ಪ್ರಾರ್ಥನೆಗೆ ಕೂಡಿಡುತ್ತಿದ್ದಾರೆ ಎಂದುಕೊಂಡೆ. ನನ್ನ ಉತ್ತರವನ್ನು ನಾನೂ ಕೂಡಿಟ್ಟುಕೊಂಡೆ.

ಸಂಜೆ ಚಾಪೆ ಹಾಸಿದೆವು. ಅತ್ತೆ ಗೋಡೆ ಹಿಡಿದು, ಒಂದೊಂದೇ ಕಾಲು ಮಡಚಿ ಕೂತರು. ಕಣ್ಣು ಮುಚ್ಚಿದರು.

"ಕರ್ತನೇ, ಮಗುವನ್ನು ಉಳಿಸಿಕೊಟ್ಟದ್ದಕ್ಕೆ ಸ್ತೋತ್ರ. ನಿನ್ನ ದಾಸಿಯಾದ ಸುಗುಣಳು ಇನ್ನು ಬೆಳಗಿನ ಬಸ್ಸಿಗೆ ಹೋಗಬೇಕು. ಅಲ್ಲಿ ತಾಯಂದಿರು ಅವಳ ದಾರಿ ನೋಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ." ಆಮೇಲೆ ದನಿ ತಗ್ಗಿತು. "ಅಂದು ಮಗು ಬಾವಿಯ ಕಡೆ ಓಡಿದಾಗ ನನಗೆ ಏಳಲಿಕ್ಕೆ ಆಗಲಿಲ್ಲ. ನನ್ನ ಮಂಡಿ ಎಂದೋ ಹೋಗಿದೆ. ಹೇಳಲಿಕ್ಕೆ ನಾಚಿಕೆಯಾಗಿ, ಸುಗುಣಳ ಬಸ್ಸನ್ನು ತಪ್ಪಿಸೆಂದು ನಿನ್ನ ಹತ್ತಿರ ಬೇಡಿದೆ. ಕ್ಷಮಿಸು. ಈ ಕೂಸಿನ ಹಿಂದೆ ಓಡಲು ನನ್ನ ಮಂಡಿಗೆ ಬಲ ಕೊಡು."

ನಾನು ಕೂಡಿಟ್ಟ ಉತ್ತರ ಯಾವುದಕ್ಕೂ ಬೇಕಾಗಲಿಲ್ಲ. ಅಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ದು, ಎರಡು ಹೊತ್ತು ಅವರಿಗೆ ಬಡಿಸಿಯೂ ನನಗೆ ಅದು ಗೊತ್ತಿರಲಿಲ್ಲ. ಆಮೆನ್ ಎಂದೆ. ಗಟ್ಟಿಯಾಗಿಯೇ ಬಂತು, ಅವರು ಹೇಳುವುದಕ್ಕೂ ಮೊದಲು. ಅತ್ತೆ ಕಣ್ಣು ತೆರೆದು ನನ್ನನ್ನು ನೋಡಿದರು.

"ಎಂತ ನೋಡ್ತೀ? ಅನ್ನ ಬಡಿಸು" ಎಂದು ತುಳುವಿನಲ್ಲಿ ಗದರಿದರು.

ಮರುದಿನ ದೇವದಾಸ ಬಾವಿಗೆ ಎತ್ತರದ ಕಟ್ಟೆ ಕಟ್ಟಿಸಲು ಮೇಸ್ತ್ರಿಯನ್ನು ಕರೆತಂದರು. ನಾನು ಬಸ್ಸು ಹತ್ತಿದೆ. ಇಂದಿಗೂ ಅದೇ ವಾರ್ಡಿನಲ್ಲಿದ್ದೇನೆ, ದಿನಾ ಬೈಯುತ್ತೇನೆ, ಮಕ್ಕಳು ಗುಣವಾಗಿ ಮನೆಗೆ ಹೋಗುತ್ತಾರೆ. ನನ್ನನ್ನು ಸುತ್ತಿಸಿ ಸುತ್ತಿಸಿ ತಲುಪಬೇಕಾದಲ್ಲಿಗೆ ತಲುಪಿಸಿದ ಕರ್ತನಿಗೆ ಸ್ತೋತ್ರ. ಅತ್ತೆಯ ಮಂಡಿಗೆ ಮಾತ್ರ ಇನ್ನೂ ಬಲ ಬಂದಿಲ್ಲ, ಈಗ ಎಣ್ಣೆ ತಿಕ್ಕುವವಳು ನಾನು. ಅವರ ಪ್ರಾರ್ಥನೆ ಈಗಲೂ ಉದ್ದ, ಅನ್ನ ಈಗಲೂ ತಣ್ಣಗಾಗುತ್ತದೆ. ಆದರೆ ಆಮೆನ್ ಹೇಳುವುದರಲ್ಲಿ ಈ ಮನೆಯಲ್ಲಿ ನಾನೇ ಮೊದಲು. ಪ್ರಾರ್ಥನೆ ಬೇಗ ಮುಗಿಯಲಿ ಎಂದು ಹಾಗೆ ಮಾಡುತ್ತೇನೆಂದು ಅತ್ತೆಗೆ ಅನುಮಾನ. ನಿಜ ಏನೆಂದು ಮೇಲೆ ಕೂತು ಕೇಳಿಸಿಕೊಳ್ಳುವವನಿಗೆ ಗೊತ್ತು.