ತುಂಬಿದ ಟ್ಯಾಂಕು

ಗ್ಯಾರೇಜುಗಳ ಸಾಲಿನಲ್ಲಿ ಅವಳನ್ನು ಎಲ್ಲರೂ ಸ್ಪ್ಯಾನರಕ್ಕ ಎಂದೇ ಕರೆಯುತ್ತಿದ್ದರು. ಕೈಯಲ್ಲಿ ಸದಾ ಸ್ಪ್ಯಾನರ್ ಇರುತ್ತಿತ್ತು ಎಂಬುದು ಅರ್ಧ ಕಾರಣ. ಅದು ಬೋಲ್ಟು ಬಿಟ್ಟು ಬೇರೆ ಕಡೆಗೂ ಬೀಸುತ್ತಿತ್ತು ಎಂಬುದು ಇನ್ನರ್ಧ. ಬಸ್ ಡಿಪೋದಲ್ಲಿ ಕೆಲಸಕ್ಕಿದ್ದಾಗ ಸೊಂಟಕ್ಕೆ ಕೈ ಹಾಕಿದ ಮೇಲ್ವಿಚಾರಕನ ದವಡೆ ಮುರಿದು ಆಚೆ ಬಂದವಳು. ಆಮೇಲೆ ಸ್ವಂತ ಶೆಡ್ಡು ಹಾಕಿದಳು. ಕೋಪ ಮೂಗಿನ ತುದಿಯಲ್ಲೇ ಇತ್ತು, ನಿಜ. ಆ ಮೂಗನ್ನು ಕೆಣಕಲು ಬಂದವರೂ ಕಡಿಮೆಯೇನಿರಲಿಲ್ಲ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ಜಗಳಕ್ಕೆ ದಿನಾ ಇಲ್ಲೇ ಒಬ್ಬ ಸಿಗ್ತಾನೆ, ಮನೇಲೂ ಒಬ್ಬ ಯಾಕೆ?" ಎನ್ನುತ್ತಿದ್ದಳು.

ಅವಳ ತಂಗಿಯೋ, ಕಚ್ಚಿದ ಇರುವೆಯನ್ನೂ ಅದಕ್ಕೆ ನೋವಾಗದಂತೆ ಬಿಡಿಸಿ ಕೆಳಗಿಡುವ ಜಾತಿ. ಒಂದು ಮಾತನ್ನು ಮೂರು ಸಲ ಬೇಡಿಕೊಂಡು ಹೇಳುವವಳು. ಅವಳ ಗಂಡ ವಾಚ್ ರಿಪೇರಿಯವನು. ಮೆತ್ತಗಿನ ಮಾತು, ತೆಳ್ಳನೆಯ ಬೆರಳು. ಎಷ್ಟು ನಾಜೂಕು ಕೈ ಎಂದು ಬೀದಿಯೆಲ್ಲ ಹೊಗಳುತ್ತಿತ್ತು. ಆ ನಾಜೂಕು ಕೈ ಬಟ್ಟೆ ಮುಚ್ಚುವ ಜಾಗವನ್ನೇ ಹುಡುಕಿ ಹೆಂಡತಿಗೆ ಹೊಡೆಯುತ್ತದೆ ಎಂಬುದು ಅಕ್ಕನಿಗೊಬ್ಬಳಿಗೆ ಗೊತ್ತಿತ್ತು. ಹೋಗಿ ಅವನ ಕೈ ಮುರಿಯಲು ಎಷ್ಟೋ ಸಲ ಎದ್ದಿದ್ದಳು. ಪ್ರತಿ ಸಲವೂ ತಂಗಿ ಕಾಲು ಹಿಡಿದು ಕೂರಿಸಿದ್ದಳು.

ಆ ದಿನ ಬೆಳಿಗ್ಗೆ ತಂಗಿ ಶೆಡ್ಡಿಗೆ ಬಂದಾಗ ಕಿವಿಯಿಂದ ರಕ್ತ ಇಳಿದು ಕತ್ತಿನ ಮೇಲೆ ಒಣಗಿತ್ತು. ಬಟ್ಟೆ ಮುಚ್ಚದ ಜಾಗಕ್ಕೂ ಕೈ ಬಂದಿತ್ತು ಎಂದರೆ ಇನ್ನು ಅವನಿಗೆ ಯಾರ ಅಂಜಿಕೆಯೂ ಇಲ್ಲ ಎಂದರ್ಥ.

"ಈ ಸಲ ಅವರು ಸಾಯಿಸ್ತಾರೆ ಅಕ್ಕ," ಎಂದಳು, ಇವತ್ತು ಊಟ ತಡ ಆಗತ್ತೆ ಎನ್ನುವ ದನಿಯಲ್ಲಿ.

ಬಸ್ಸು ಹತ್ತಿ ಓಡುವಂತಿರಲಿಲ್ಲ. ಹಿಂದೆ ಎರಡು ಸಲ ಅವನು ಬಸ್ ನಿಲ್ದಾಣದಿಂದಲೇ ಜುಟ್ಟು ಹಿಡಿದು ಎಳೆದೊಯ್ದಿದ್ದ. ಶೆಡ್ಡಿನ ಹಿಂದೆ ಮನೆಗಾಡಿಯೊಂದಿತ್ತು. ವ್ಯಾನಿನ ಬೆನ್ನಿಗೆ ಪುಟ್ಟ ಮನೆ ಕೂರಿಸಿದ ಹಳೇ ಕಾಲದ ಗಾಡಿ. ಒಳಗೆ ಮಡಚುವ ಮಂಚ, ಚಿಕ್ಕ ಸ್ಟವ್, ಕಿಟಕಿಗೆ ಮಾಸಿದ ಪರದೆ. ಗುಜರಿಯಿಂದ ತಂದು ಬಿಡುವಾದಾಗಲೆಲ್ಲ ಸ್ಪ್ಯಾನರಕ್ಕ ಅದಕ್ಕೆ ಜೀವ ತುಂಬಿದ್ದಳು. ತುಕ್ಕು ತಿಂದಿದ್ದ ಪೆಟ್ರೋಲ್ ಟ್ಯಾಂಕನ್ನು ಇಳಿಸಿ, ತೊಳೆದು, ತೇಪೆ ಹಾಕಿ, ಬಣ್ಣ ಬಳಿದು ಇಟ್ಟಿದ್ದಳು. ಅದನ್ನು ಮತ್ತೆ ಗಾಡಿಯ ಹೊಟ್ಟೆಗೆ ಕಟ್ಟುವುದೊಂದು ಬಾಕಿ.

"ನಾನು ಓಡಿಸ್ತೀನಿ. ನೀನು ಮಂಚದ ಮೇಲೆ ಮಲಗು," ಎಂದಳು.

ಖಾಲಿ ಟ್ಯಾಂಕನ್ನು ಮೊದಲು ಕಟ್ಟಬೇಕು, ಆಮೇಲೆ ಪೆಟ್ರೋಲು ತುಂಬಬೇಕು. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವನಿಗೂ ಗೊತ್ತಿರುವ ಕ್ರಮ. ಆದರೆ ಅವಳ ತಲೆಯಲ್ಲಿ ಟ್ಯಾಂಕ್ ಇರಲಿಲ್ಲ, ಅವನಿದ್ದ. ದಾರಿಯಲ್ಲಿ ಎಲ್ಲೂ ನಿಲ್ಲುವಂತಾಗಬಾರದು ಎಂಬ ಒಂದೇ ಧ್ಯಾನದಲ್ಲಿ, ನೆಲದ ಮೇಲಿದ್ದ ಟ್ಯಾಂಕಿಗೇ ಕ್ಯಾನುಗಟ್ಟಲೆ ಪೆಟ್ರೋಲು ಸುರಿದು ಮುಚ್ಚಳ ಬಿಗಿದಳು. ಜ್ಯಾಕಿನ ಮೇಲೆ ಹಲಗೆ, ಹಲಗೆಯ ಮೇಲೆ ಟ್ಯಾಂಕು. ಜ್ಯಾಕು ಮೇಲೇರುವಾಗ ನರಳಿತು. ಆಗಲೇ ತಪ್ಪು ತಿಳಿಯಿತು. ತನಗೆ ತಾನೇ ಬೈದುಕೊಂಡಳು. ಮತ್ತೆ ಖಾಲಿ ಮಾಡಲು ಹೊತ್ತಿರಲಿಲ್ಲ.

ಗಾಡಿಯಡಿಗೆ ಅಂಗಾತ ತೆವಳಿ ಪೈಪುಗಳನ್ನು ಸಿಕ್ಕಿಸಿದಳು. ಟ್ಯಾಂಕಿಗೆ ಉಜ್ಜದಂತೆ ರಬ್ಬರು ಕೊಟ್ಟು ಮೊದಲ ಕಬ್ಬಿಣದ ಪಟ್ಟಿ ಬಿಗಿದಳು. ಎರಡನೆಯ ಪಟ್ಟಿಗೆ ಕೈ ಹಾಕುವಷ್ಟರಲ್ಲಿ, ಗಾಡಿಯ ಆಚೆ ಚಾಚಿದ್ದ ಅವಳ ಎಡ ಮೊಣಕಾಲ ಕೆಳಗೆ ಕಬ್ಬಿಣದ ಸಲಾಕೆ ಬಿತ್ತು. ಮೂಳೆ ಮುರಿದ ಸದ್ದು ಅವಳ ಕಿವಿಗೇ ಕೇಳಿಸಿತು.

"ನನ್ನ ಹೆಂಡ್ತಿ ಎಲ್ಲಿ?" ಅದೇ ಮೆತ್ತಗಿನ ದನಿ.

ಇನ್ನೊಂದು ಏಟು. ಅವಳು ಕೂಗಲಿಲ್ಲ; ಕೂಗಿದರೆ ಒಳಗೆ ಮಲಗಿದ್ದವಳು ಹೊರಗೆ ಬರುತ್ತಾಳೆ. ಹಲ್ಲು ಕಚ್ಚಿ ಮೈಯನ್ನು ಗಾಡಿಯಡಿಗೆ ಎಳೆದುಕೊಂಡಳು. ಅವನು ಸಲಾಕೆ ಬಿಸುಟು ಹೊಟ್ಟೆಯ ಮೇಲೆ ತೆವಳಿ ಬಂದ. ಬಲಗೈ ಚಾಚಿ ಅವಳ ಕೂದಲು ಸುತ್ತಿ ತಲೆಯನ್ನು ನೆಲಕ್ಕೆ ಕುಟ್ಟಿದ. ಮತ್ತೆ ಕುಟ್ಟಿದ. ಕಣ್ಣು ಕತ್ತಲಿಟ್ಟಿತು. ಅವನ ಮೊಣಕೈ ಟ್ಯಾಂಕಿನ ಕೆಳಗಿತ್ತು. ಅವಳು ಗಟ್ಟಿಯಿದ್ದ ಕಾಲಿನಿಂದ ಜ್ಯಾಕಿಗೆ ಒದ್ದಳು.

ಟ್ಯಾಂಕು ಒಂದು ತುದಿಯಲ್ಲಿ ಪಟ್ಟಿಗೆ ನೇತುಬಿದ್ದು ಇನ್ನೊಂದು ತುದಿಯಲ್ಲಿ ಅವನ ತೋಳಿನ ಮೇಲೆ ಕುಳಿತಿತು. ಖಾಲಿಯಿದ್ದಿದ್ದರೆ ತರಚಿ ಬಿಡುತ್ತಿತ್ತು. ತುಂಬಿದ್ದರಿಂದ ತೋಳು ಪುಡಿಯಾಯಿತು. ಬೀದಿಯಲ್ಲಿ ಎಂದೂ ಏರದ ಆ ದನಿ ಆಗ ಏರಿತು.

ತಂಗಿ ಓಡಿ ಬಂದು ಬಗ್ಗಿ ನೋಡಿದಳು. ಗಂಡ ಸಿಕ್ಕಿಬಿದ್ದಿದ್ದ, ಅಕ್ಕನ ಕಾಲು ತಿರುಚಿಕೊಂಡು ಬಿದ್ದಿತ್ತು.

"ಇದನ್ನ ಎತ್ತೇ, ಕೈ ಹೋಗ್ತಿದೆ," ಎಂದು ಅವನು ಅತ್ತ.

ಈಗಿನ ಇಕ್ಕಟ್ಟು ಅಕ್ಕತಂಗಿ ಇಬ್ಬರಿಗೂ ಅರ್ಥವಾಯಿತು. ಟ್ಯಾಂಕು ಎತ್ತದೆ ಗಾಡಿ ಹೋಗುವುದಿಲ್ಲ. ಎತ್ತಿದರೆ ಅವನು ಬಿಡುಗಡೆಯಾಗುತ್ತಾನೆ.

"ಪುಟ್ಟಿ, ಸಲಾಕೆ ಎತ್ಕೊಂಡು ಗಾಡಿ ಒಳಗಿಡು. ಆಮೇಲೆ ಜ್ಯಾಕ್ ತಳ್ಳು," ಎಂದಳು ಸ್ಪ್ಯಾನರಕ್ಕ. ಆಮೇಲೆ ಅವನ ಕಡೆ ತಿರುಗಿದಳು. "ನೀನು ಎಡಗೈ ಕೊಟ್ಟು ಇದನ್ನ ಅಲ್ಲಾಡದ ಹಾಗೆ ಹಿಡ್ಕೋ. ಜಾರಿದ್ರೆ ಈ ಸಲ ಎದೆ ಮೇಲೆ ಬೀಳತ್ತೆ."

ತಂಗಿ ಜ್ಯಾಕು ಒತ್ತಿದಳು. ಟ್ಯಾಂಕು ಮೇಲೇರಿತು. ಹೆಂಡತಿ ಓಡಿಹೋಗಲಿದ್ದ ಗಾಡಿಯ ಟ್ಯಾಂಕನ್ನು ಗಂಡನೇ ಬಿಕ್ಕುತ್ತ ಎತ್ತಿ ಹಿಡಿದ. ಎರಡನೆಯ ಪಟ್ಟಿಯ ನಟ್ಟನ್ನು ಸ್ಪ್ಯಾನರಕ್ಕ ಅವನ ಮುಖದ ಮೇಲೆಯೇ ನಿಧಾನವಾಗಿ ಬಿಗಿದಳು. ಇಷ್ಟು ಖುಷಿಯಿಂದ ಅವಳು ಯಾವ ನಟ್ಟನ್ನೂ ಬಿಗಿದಿರಲಿಲ್ಲ.

ತಂಗಿ ಅವಳನ್ನು ಕಂಕುಳಿಗೆ ಕೈ ಕೊಟ್ಟು ಎಳೆದು ಮಂಚಕ್ಕೆ ಹಾಕಿದಳು. ಎಡಗಾಲು ಸತ್ತಿತ್ತು, ಕ್ಲಚ್ ತುಳಿಯುವ ಮಾತೇ ಇರಲಿಲ್ಲ.

"ನೀನೇ ಓಡಿಸ್ಬೇಕು. ನಾನು ಡಿಪೋದಲ್ಲಿ ಕಲಿಸಿದ್ದು ನೆನಪಿದೆಯಾ?"

ತಂಗಿ ಮುಂದೆ ಹೋಗಿ ಕುಳಿತಳು. ಇಂಜಿನ್ನು ಕೆಮ್ಮಿ ಶುರುವಾಯಿತು. ಅಷ್ಟರಲ್ಲಿ ಅವನು ಸೊಂಟದವರೆಗೆ ಆಚೆ ತೆವಳಿ, ಎಡಗೈಯಲ್ಲಿ ಅವಳ ಬಾಗಿಲ ಮೆಟ್ಟಿಲು ಹಿಡಿದಿದ್ದ. ಕಾಲುಗಳಿನ್ನೂ ಹಿಂಚಕ್ರದ ಮುಂದಿದ್ದವು.

"ಇಳಿ ಕೆಳಗೆ," ಎಂದ. "ನೀನು ಓಡಿಸಲ್ಲ. ನಿನ್ನ ಕೈಲಿ ಆಗಲ್ಲ ಅಂತ ನಂಗೊತ್ತು."

ಮಂಚದ ಮೇಲಿದ್ದ ಸ್ಪ್ಯಾನರಕ್ಕನಿಗೆ ಅದೂ ಕೇಳಿಸಿತು. ಈಗ ಇಳಿಯುತ್ತಾಳೆ, ಕ್ಷಮಿಸಿ ಎನ್ನುತ್ತಾಳೆ, ಎಲ್ಲ ಮುಗಿಯಿತು.

"ರೀ, ಕಾಲು ಎಳ್ಕೊಳ್ಳಿ," ಎಂದಳು ತಂಗಿ.

ಒಂದೇ ಸಲ ಹೇಳಿದಳು. ಎರಡನೆಯ ಸಲ ಹೇಳುವ ಜಾಗದಲ್ಲಿ ಗೇರು ಬಿತ್ತು.

ಗಾಡಿ ಮುಂದೆ ಹಾರಿತು. ಹಿಂಚಕ್ರ ಏನನ್ನೋ ಹತ್ತಿ ಇಳಿದದ್ದು ಸ್ಪ್ಯಾನರಕ್ಕನ ಬೆನ್ನಿಗೆ ತಿಳಿಯಿತು. ಮೊಣಕೈ ಊರಿ ಎದ್ದು ಪರದೆ ಸರಿಸಿ ನೋಡಿದಳು. ಅವನು ನೆಲದಲ್ಲಿ ಕುಳಿತು ಬರಿಗಾಲೊಂದನ್ನು ಹಿಡಿದುಕೊಂಡು ನಡುಗುತ್ತಿದ್ದ. ಪಕ್ಕದಲ್ಲಿ ಶೂ ಚಪ್ಪಟೆಯಾಗಿ ಬಿದ್ದಿತ್ತು.

"ಶೂ ಅಷ್ಟೇ ಕಣೇ. ಕಾಲು ಎಳ್ಕೊಂಡಿದ್ದಾನೆ."

"ಹೌದಾ," ಎಂದಳು ತಂಗಿ. "ನಾನು ನೋಡ್ಲಿಲ್ಲ."

ಕನ್ನಡಿಯ ಕಡೆ ಅವಳ ಕಣ್ಣು ಆಗಲೂ ಹೋಗಲಿಲ್ಲ. ಯಾರಿಗೂ ಹೆದರದ ಸ್ಪ್ಯಾನರಕ್ಕನಿಗೆ ಅಂದು ಮೊದಲ ಸಲ ತಂಗಿಯನ್ನು ಕಂಡು ಹೆದರಿಕೆಯಾಯಿತು. ಆ ಸಂತೋಷಕ್ಕೆ ಅವಳು ಮುರಿದ ಕಾಲನ್ನು ಹಿಡಿದುಕೊಂಡು ಜೋರಾಗಿ ಅತ್ತಳು.