ಬಂಡಿಪೇಟೆಯ ಮೊದಲ ಕೊಡ ನಮ್ಮದಲ್ಲ

ಅರಸೀಕೆರೆಯ ಬಂಡಿಪೇಟೆಯಲ್ಲಿರುವ ಕಲ್ಲುತೊಟ್ಟಿಯನ್ನೂ ಅದರ ಪಕ್ಕದ ಛತ್ರವನ್ನೂ ಕಟ್ಟಿಸಿದ್ದು ನಮ್ಮ ಮನೆತನವಲ್ಲ. ಕಟ್ಟಿಸಿದವಳು ಹೊನ್ನಮ್ಮ — ರತ್ನಾ, ನಿನ್ನ ಮುತ್ತಜ್ಜಿ. ನನಗೆ ಅದು ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ, ನೀನು ಎಲ್ಲರ ಮುಂದೆ ನನ್ನನ್ನು ಕೇಳಿದಾಗ, ನೆನಪಿಲ್ಲ ಎಂದುಬಿಟ್ಟೆ.

ಹೇಳಿಬಿಟ್ಟೆನಲ್ಲ, ಇನ್ನು ಸ್ವಲ್ಪ ಉಸಿರಾಡಬಹುದು. ಆದರೆ ಬಂಡಿಪೇಟೆಯನ್ನು ಕಾಣದವರಿಗೆ ನಾನು ಕದ್ದದ್ದು ಏನೆಂದು ತಿಳಿಯುವುದಿಲ್ಲ. ಈಗ ಅಲ್ಲಿ ಆಟೋಗಳು ನಿಲ್ಲುತ್ತವೆ. ನಮ್ಮಜ್ಜಿಯ ಕಾಲದಲ್ಲಿ ಅದೊಂದು ದೊಡ್ಡ ಅಂಗಳ, ಮೂರು ಕಡೆ ಛತ್ರದ ಜಗಲಿ, ನಡುವೆ ತೊಟ್ಟಿ. ಬಾಣಾವರದ ಕಡೆಯಿಂದ ಕೊಬ್ಬರಿ ಗಾಡಿ, ಬೇಲೂರು ಹಳೇಬೀಡಿನ ಕಡೆಯಿಂದ ರಾಗಿ, ಹುರುಳಿ, ಬೆಲ್ಲ. ಅದಕ್ಕೂ ಹಿಂದೆ, ಬೆನ್ನ ಮೇಲೆ ಉಪ್ಪಿನ ಮೂಟೆ ಹೊತ್ತು ಘಟ್ಟ ಹತ್ತಿ ಬರುತ್ತಿದ್ದ ಹೇರೆತ್ತುಗಳ ಸಾಲು. ಉಣ್ಣುವುದು, ಮಲಗುವುದು, ವ್ಯಾಪಾರ ಮಾಡುವುದು — ಎಲ್ಲ ಆ ಒಂದೇ ಅಂಗಳದಲ್ಲಿ. ಟವೆಲ್ಲಿನ ಕೆಳಗೆ ಬೆರಳು ಮುಟ್ಟಿ ದರ ಹೇಳುತ್ತಿದ್ದರು, ಪಕ್ಕದವನಿಗೂ ಸುಳಿವು ಸಿಗುತ್ತಿರಲಿಲ್ಲ. ತಿಪಟೂರಿನವರು ತಮ್ಮ ಮಾರುಕಟ್ಟೆ ಬಗ್ಗೆ ಏನು ಬೇಕಾದರೂ ಕೊಚ್ಚಿಕೊಳ್ಳಲಿ, ನಮ್ಮ ಪೇಟೆಗಿದ್ದ ಕಟ್ಟಳೆ ಅವರಿಗಿತ್ತೇ? ಬಂದ ಎತ್ತು ನೀರು ಕುಡಿದು ತಲೆ ಎತ್ತುವವರೆಗೆ ಯಾರೂ ದರ ಕೇಳುವಂತಿಲ್ಲ! ಎಂಥ ಸಾಹುಕಾರನಾದರೂ ಸರಿ, ಮೊದಲೇ ಬಾಯಿ ಬಿಟ್ಟರೆ ಗಾಡಿಯವರೆಲ್ಲ ಕೂಗಿ ಓಡಿಸುತ್ತಿದ್ದರು. ಇದನ್ನು ಹೇಳುವಾಗ ಈಗಲೂ ನನ್ನ ಎದೆ ಉಬ್ಬುತ್ತದೆ, ಏನು ಮಾಡಲಿ.

ಆ ಕಟ್ಟಳೆ ತಂದವಳೇ ಹೊನ್ನಮ್ಮ. ಗಂಡ ಸತ್ತ ಮೇಲೆ ಹೇರೆತ್ತುಗಳನ್ನು ತಾನೇ ಹೊಡೆದುಕೊಂಡು ಘಟ್ಟ ಇಳಿದು ಹತ್ತಿದ ಹೆಂಗಸು. ಒಂದು ಬೇಸಿಗೆ ಅವಳ ಸಾಲಿನ ಮುಂದಿನ ಎತ್ತು ಈ ಅಂಗಳದಲ್ಲೇ ಬಾಯಾರಿ ಬಿತ್ತು. ಸುತ್ತ ಮನೆಗಳಿದ್ದವು, ಬಾವಿಗಳಿದ್ದವು. ನೀರು ಕೇಳಿದರೆ, ವ್ಯಾಪಾರ ಮುಗಿಯಲಿ ನೋಡೋಣ ಎಂದರಂತೆ ಪೇಟೆಯವರು. ಎತ್ತು ಸತ್ತಿತು. ಹೊನ್ನಮ್ಮ ಉಳಿದ ಎತ್ತುಗಳನ್ನು ಮಾರಿ, ಅದು ಬಿದ್ದ ಜಾಗದಲ್ಲೇ ಬಾವಿ ತೋಡಿಸಿದಳು, ತೊಟ್ಟಿ ಕೂರಿಸಿದಳು, ಜಗಲಿ ಎಬ್ಬಿಸಿದಳು. ನೀರು ಕೊಟ್ಟವರು ಕಲ್ಲಿನ ಮೇಲೆ ಹೆಸರು ಕೆತ್ತಿಸಬಾರದು ಎಂದು ತನ್ನ ಹೆಸರನ್ನೂ ಹಾಕಿಸಲಿಲ್ಲ. ನನಗೆ ಇದನ್ನು ಹೇಳಿದ್ದು ನಮ್ಮಜ್ಜಿಯೇ, ರೊಟ್ಟಿ ತಟ್ಟುತ್ತಾ.

ಹೆಸರಿಲ್ಲದ ಮೇಲೆ ಗುರುತು ಒಂದೇ — ಕಾರ್ತಿಕದ ಮೊದಲ ಸೋಮವಾರ ತೊಟ್ಟಿ ತೊಳೆದು, ಕಟ್ಟಿಸಿದವರ ಮನೆಯ ಹಿರಿಯರು ಮೊದಲ ಕೊಡ ನೀರು ಸುರಿಯುವುದು. ಆ ಕೊಡ ಬೀಳುವವರೆಗೆ ಬೇರೆ ಯಾರೂ ನೀರು ತುಂಬಿಸುವಂತಿಲ್ಲ. ಯಾರು ಸುರಿಯುತ್ತಾರೋ ತೊಟ್ಟಿ ಅವರದು. ಊರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ನಾನು ಲಂಗ ತೊಡುತ್ತಿದ್ದ ವಯಸ್ಸಿನಲ್ಲಿ, ಕಾರ್ತಿಕ ಹುಟ್ಟುವ ಹೊತ್ತಿಗೆ ಸರಿಯಾಗಿ ರತ್ನಳ ಅಜ್ಜ ತೀರಿಕೊಂಡರು. ಅವರ ಮನೆಯಲ್ಲಿ ಸೂತಕ. ಅವಳ ಅಪ್ಪ ತಿಮ್ಮಯ್ಯ ನಮ್ಮ ಕೊಬ್ಬರಿ ಮಂಡಿಯಲ್ಲೇ ಕಾಯಿ ಒಡೆಯುತ್ತಿದ್ದವರು. ಆ ಸೋಮವಾರ ಅಂಗಳಕ್ಕೆ ಕಾಲಿಡದೆ, ಬೀದಿಯ ಆಚೆ ಬದಿಯಲ್ಲೇ ನಿಂತು, ಟವೆಲನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮಪ್ಪನನ್ನು ಕೂಗಿದರು —

"ಯಜಮಾನ್ರೇ, ನಮ್ಗೆ ಸೂತಕ ಐತೆ. ನೀವು ಲಿಂಗವಂತರು, ನಿಮ್ಗೆ ಅದೆಲ್ಲ ಇಲ್ಲ. ಈ ವರ್ಷ ನೀವೇ ಸುರೀರಿ. ಬರೋ ವರ್ಷ ನಾವು ಬತ್ತೀವಿ."

ಅಪ್ಪ ಆಗಲಿ ಎಂದರು. ನಾನು ಪಕ್ಕದಲ್ಲೇ ಇದ್ದೆ. ಒಂದೊಂದು ಮಾತೂ ಕೇಳಿಸಿಕೊಂಡೆ.

ಸಾವಿಗೆ ಮೈಲಿಗೆಯಿಲ್ಲ, ಹುಟ್ಟಿಗೆ ಮೈಲಿಗೆಯಿಲ್ಲ, ಮನುಷ್ಯರಲ್ಲಿ ಮೇಲು ಕೀಳಿಲ್ಲ ಎಂದು ಹೇಳಿಕೊಂಡು ಬಂದವರು ನಾವು. ಆ ದೊಡ್ಡ ಮಾತನ್ನೇ ಹಿಡಿದುಕೊಂಡು ನಾವು ಮಾಡಿದ್ದೇನು? ಮುಂದಿನ ವರ್ಷ ತಿಮ್ಮಯ್ಯ ಕೊಡ ಬೆಳಗಿಕೊಂಡು ಬರುವಷ್ಟರಲ್ಲಿ ಅಪ್ಪ ಬೇಗನೆ ಹೋಗಿ ಸುರಿದು ಮುಗಿಸಿದ್ದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ತಿಮ್ಮಯ್ಯ ತುಂಬಿದ ಕೊಡ ಹಿಡಿದು ಬಂದು ಒದ್ದೆಯಾದ ತೊಟ್ಟಿ ನೋಡಿದರು. ನಮ್ಮ ಮಂಡಿಯ ಕೂಲಿಯಲ್ಲಿ ಅವರ ಒಲೆ ಉರಿಯಬೇಕು — ಏನು ಮಾತಾಡಿಯಾರು? ಮನೆಗೆ ಹೋದರು. ಅದರ ಮುಂದಿನ ವರ್ಷ ಬರಲಿಲ್ಲ.

ಅಪ್ಪನ ಮೇಲೆ ಹೊರಿಸಿ ನಾನು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ನನ್ನ ಪಾಲು ಬೇರೆಯೇ ಇದೆ.

ಕೆಲವು ವರ್ಷಗಳ ಹಿಂದೆ ಊರಿನವರು ಹಾಳುಬಿದ್ದ ಜಗಲಿಯನ್ನು ರಿಪೇರಿ ಮಾಡಿಸಿದರು. ಪೇಟೆಯ ಇತಿಹಾಸ ಬರೆಸಿದ ಒಂದು ಫಲಕ ಹಾಕಬೇಕೆಂದು ಛತ್ರದಲ್ಲಿ ಸಭೆ ಸೇರಿದರು. ನಾನು ರಿಟೈರ್ ಆದ ಮೇಡಮ್ಮು, ಪೇಟೆಯ ಕಥೆ ಹೇಳುವುದೆಂದರೆ ನಾನೇ ಎಂದು ಎಲ್ಲರಿಗೂ ಗೊತ್ತು, ಹಾಗಾಗಿ ಮೊದಲ ಸಾಲಿನಲ್ಲಿ ಕುರ್ಚಿ. ಹಗರೆಯಲ್ಲಿ ಸಂಸಾರ ಮಾಡಿಕೊಂಡಿದ್ದ ರತ್ನ ಸುದ್ದಿ ಕೇಳಿ ಬಸ್ಸು ಹಿಡಿದು ಬಂದಿದ್ದಳು. ಫಲಕದಲ್ಲಿ ಕಟ್ಟಿಸಿದವರೆಂದು ನಮ್ಮ ಮುತ್ತಜ್ಜನ ಹೆಸರು ಓದಿದ ಕೂಡಲೇ ಎದ್ದು ನಿಂತಳು. ಎಲ್ಲವನ್ನೂ ಹೇಳಿದಳು — ಹೊನ್ನಮ್ಮ, ಎತ್ತು, ಸೂತಕ. ಜನ ಗುಸುಗುಸು ಶುರುಮಾಡಿದರು. ಆಗ ಅವಳು ನನ್ನ ಕಡೆ ತಿರುಗಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ನಂಬಿಕೆ ಇತ್ತು.

"ಗಿರಿಜಕ್ಕ, ನೀವು ಅಲ್ಲೇ ಇದ್ರಲ್ಲ. ನಮ್ಮಪ್ಪ ಏನಂದ್ರು, ನೀವೇ ಹೇಳಿ."

ಒಂದೇ ಮಾತು ಸಾಕಿತ್ತು. ಹೌದು ಕಣೇ — ಅಷ್ಟೇ. ನಾನು ಸೀರೆಯ ಸೆರಗು ಸರಿ ಮಾಡಿಕೊಂಡು ಹೇಳಿದೆ —

"ನಂಗೇನೂ ನೆನಪಿಲ್ಲ ಕಣೇ ರತ್ನ."

ಹಿಂದಿನಿಂದ ಯಾರೋ, "ಎಲ್ಲಾರ್ಗೂ ಈಗ ಪ್ಯಾಟೆ ಬೇಕು, ಸುಳ್ಳಿ!" ಎಂದರು. ಜನ ನಕ್ಕರು. ನಾನು ನಗಲಿಲ್ಲ — ನಗುವವರನ್ನು ತಡೆಯಲೂ ಇಲ್ಲ. ರತ್ನ ಚೀಲ ಎತ್ತಿಕೊಂಡು ಹೊರಟುಹೋದಳು. ಯಾಕೆ ಹಾಗೆ ಹೇಳಿದೆ? ಹೆದರಿ ಅಲ್ಲ, ಯಾರ ಒತ್ತಾಯಕ್ಕೂ ಅಲ್ಲ. ಆ ಫಲಕದಲ್ಲಿ ನಮ್ಮ ಮನೆಯ ಹೆಸರು ನೋಡಿ ನನಗೆ ಖುಷಿಯಾಗಿತ್ತು. ಅಷ್ಟೇ ಕಾರಣ. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ.

ಕಳೆದ ಕಾರ್ತಿಕಕ್ಕೆ ಕೆಲವೇ ದಿನ ಮುಂಚೆ ನನ್ನ ಅಣ್ಣ ಹೋದ. ಹಿರಿಯಳಾಗಿ ಉಳಿದವಳು ನಾನು. ಸೋಮವಾರ ಪೇಟೆಯವರು ಕೊಡ ತಂದು ಕೈಗಿಟ್ಟರು — "ನಿಮ್ಗೇನು ಸೂತಕವಾ, ಬನ್ನಿ ಮೇಡಮ್". ಹೋದೆ, ಸುರಿದೆ. ಸುರಿಯುವಾಗ ಬೀದಿಯ ಆಚೆ ಬದಿ ಕಣ್ಣಿಗೆ ಬಿತ್ತು. ಅಲ್ಲಿ ಯಾರೂ ಇರಲಿಲ್ಲ. ತಿಮ್ಮಯ್ಯ ನಿಂತಿದ್ದ ಜಾಗ ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು. ತಂದೆ ಸತ್ತ ದುಃಖದಲ್ಲೂ ತೊಟ್ಟಿ ಬರಿದಾಗಬಾರದೆಂದು ಬಂದ ಮನುಷ್ಯ ಅವರು. ನಮ್ಮನ್ನು ನಂಬಿ ತಮ್ಮ ಮನೆಯ ಮಾನವನ್ನೇ ಒಂದು ವರ್ಷಕ್ಕೆ ಎರವಲು ಕೊಟ್ಟಿದ್ದರು. ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಅಣ್ಣನಿಗಾಗಿ ಅಳುತ್ತಿದ್ದೇನೆ ಎಂದು ಮನೆಯವರು ತಿಳಿದರು.

ಮರುವಾರ ಹಗರೆಗೆ ಹೋದೆ. ರತ್ನ ಹಾಲು ಕಾಯಿಸುತ್ತಿದ್ದಳು. ಎಲ್ಲ ಒಪ್ಪಿಕೊಂಡೆ, ಕೈ ಹಿಡಿದುಕೊಳ್ಳಲು ಹೋದೆ. ಅವಳು ಕೈ ಕೊಡಲಿಲ್ಲ. ಕಾಫಿ ಕೊಟ್ಟಳು.

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ, ಕೇಳಿಲ್ವಾ ಗಿರಿಜಕ್ಕ? ನನ್ನನ್ನ ಸುಳ್ಳಿ ಅಂದಿದ್ದು ಪ್ಯಾಟೇಲಿ. ನೀವು ನನ್ನ ಅಡುಗೆಮನೇಲಿ ಬಂದು ಹೌದು ಅಂದ್ರೆ ಯಾರಿಗೆ ಕೇಳಿಸ್ತೈತೆ? ಹೇಳೋದಾದ್ರೆ ಅಲ್ಲೇ ಹೇಳಿ. ಕಾಫಿ ಕುಡೀರಿ, ಆರೋಗ್ತದೆ."

ಹೊನ್ನಮ್ಮನ ಮರಿಮಗಳಲ್ಲವೇ! ಬಸ್ಸಿನಲ್ಲಿ ಬರುವಾಗ ನನಗೆ ಅವಮಾನವಾಗಬೇಕಿತ್ತು. ಆಯಿತು ಕೂಡ. ಜೊತೆಗೆ, ನಮ್ಮ ಪೇಟೆಯನ್ನು ಕಟ್ಟಿದ ರಕ್ತ ಇನ್ನೂ ಹೀಗೇ ಇದೆಯಲ್ಲ ಎಂದು ಹೆಮ್ಮೆಯೂ ಆಯಿತು. ಅಷ್ಟು ಹೆಮ್ಮೆಪಡುವ ಹಕ್ಕು ಈ ಊರಿನವಳಾಗಿ ನನಗೆ ಉಳಿದಿದೆ ಎಂದುಕೊಂಡಿದ್ದೇನೆ.

ಫಲಕ ಬದಲಿಸಲು ಊರಿನವರಿಗೆ ಹೇಳಿದ್ದೇನೆ. ಮನೆಯಲ್ಲಿ ದೊಡ್ಡ ರಂಪವಾಗಿದೆ. ತಮ್ಮಂದಿರು ಮಾತು ಬಿಟ್ಟಿದ್ದಾರೆ, ಬಿಡಲಿ. ಬರುವ ಸೋಮವಾರ ಕಾರ್ತಿಕದ ಮೊದಲನೆಯದು. ನಾನು ತೊಟ್ಟಿಯ ಮುಂದೆ ನಿಂತು ಇದನ್ನು ಗಟ್ಟಿಯಾಗಿ ಓದುತ್ತೇನೆ, ಒಂದಕ್ಷರ ಬಿಡದೆ. ರತ್ನಾ, ನೀನು ಬರುವುದು ಬಿಡುವುದು ನಿನ್ನಿಷ್ಟ. ಬಾ ಎಂದು ಕರೆಯುವ ಮುಖ ನನಗಿಲ್ಲ. ನೀನು ಬರದಿದ್ದರೆ ಕೊಡವನ್ನು ನಾನು ಮುಟ್ಟುವುದಿಲ್ಲ, ನಮ್ಮ ಮನೆಯ ಯಾರಿಗೂ ಮುಟ್ಟಲು ಬಿಡುವುದಿಲ್ಲ. ಈ ವರ್ಷ ತೊಟ್ಟಿ ಒಣಗಿಯೇ ಇರುತ್ತದೆ. ಯಾಕೆ ನೀರಿಲ್ಲ ಎಂದು ಕೇಳಿದವರಿಗೆಲ್ಲ ಅಲ್ಲೇ ಕೂತು ನಾನು ಹೇಳುತ್ತಿರುತ್ತೇನೆ.