ಮೊದಲನೇ ಹಂತದ ಬನಶಂಕರಿ

ಬೆಟಗೇರಿಯ ನೇಕಾರ ಓಣಿಯಲ್ಲಿ ಬನಶಂಕರಿಯನ್ನು ‘ಯೋಗಾ ಟೀಚರ್’ ಎಂದು ಮೊದಲು ಕರೆದವರು ಯಾರೋ ಗೊತ್ತಿಲ್ಲ. ನಂಬಿದವಳು ಮಾತ್ರ ಅವಳೇ. ನಂಬಲಿ ಬಿಡಿ, ಸೀರೆಯ ಕಚ್ಚೆ ಬಿಗಿದು ತಲೆ ಕೆಳಗಾಗಿ ನಿಂತಳೆಂದರೆ ಅಲುಗಾಡುತ್ತಿರಲಿಲ್ಲ. ಯಾವುದಾದರೂ ಶಾಲೆಯಲ್ಲಿ ಯೋಗ ಶಿಕ್ಷಕಿಯಾಗಬೇಕು, ಅದೊಂದೇ ಅವಳ ಆಸೆ.

ಗದಗಿನಲ್ಲಿ ಅದರ ತರಬೇತಿಗೆ ಎರಡು ಹಂತಗಳಿದ್ದವು. ಮೊದಲನೆಯದಕ್ಕೆ ಬರುವವರೆಲ್ಲ ಕಾಲೇಜು ಹುಡುಗಿಯರು. ಅವರ ಸಾಲಿನಲ್ಲಿ ಕೂತರೆ ಓಣಿಯಲ್ಲಿ ಮರ್ಯಾದೆ ಮೂರಾಬಟ್ಟೆಯಾದೀತೆಂದು ಬನಶಂಕರಿ ನೇರ ಎರಡನೆಯದನ್ನೇ ಕೇಳಿದಳು. ಅಲ್ಲಿ ಕಲಿಸುವ ಮಂಜುಳಾ ಮೇಡಂ ಆಗುವುದಿಲ್ಲ ಎನ್ನಲಿಲ್ಲ.

“ಮನಿಯಾಗಿನ ಹಿರ್ಯಾರನ್ನ ಒಬ್ಬರನ್ನ ಕರ್ಕೊಂಡ ಬರ್ರಿ. ನನ್ನ ಮುಂದ ಅವರಿಗೆ ಒಂದ ಆಸನಾ ಕಲಸ್ರಿ. ಆಮ್ಯಾಲ ನೋಡೂಣಂತ.”

ಬಂದವರು ಮಾವ ಗೋವಿಂದಪ್ಪ. ಜೀವಮಾನವೆಲ್ಲ ಕುಣಿಮಗ್ಗದ ಕೆಳಗೆ ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯ್ದವರು. ಸೊಸೆ ಟೀಚರ್ ಆಗುತ್ತಾಳೆಂದು ಮಡಿ ಧೋತರ ಉಟ್ಟೇ ಹೊರಟರು. ಆ ಮನೆಯಲ್ಲಿ ಮಾವ ಸೊಸೆ ಎದುರುಬದುರು ಮಾತಾಡುವ ರೂಢಿಯಿಲ್ಲ. ಊಟಕ್ಕೆ ಕರೆಯಬೇಕಾದರೂ ಬಾಗಿಲ ಮರೆಯಲ್ಲಿ ಬಳೆ ಸದ್ದು ಮಾಡಬೇಕು. ಅಂದೂ ಅಷ್ಟೇ. ಬನಶಂಕರಿ ತಲೆಮೇಲೆ ಸೆರಗು ಹೊದ್ದು, ದೂರದಲ್ಲಿ ವಜ್ರಾಸನ ಹಾಕಿ ಅಂದವಾಗಿ ತೋರಿಸಿದಳು. ಮಾವ ನೋಡಿ, ತಾವೂ ಮಂಡಿ ಮಡಚಿ ಕೂತರು. ಹಣೆಯಲ್ಲಿ ಬೆವರೊಡೆಯಿತು, ತುಟಿ ಪಿಟಕ್ಕೆನ್ನಲಿಲ್ಲ. ಏಳಲು ಮಾತ್ರ ಆಗಲಿಲ್ಲ. ಮೇಡಂ ಮತ್ತು ಕಾವಲುಗಾರ ಯಮನೂರಸಾಬ ಸೇರಿ ಹಿಡಿದೆತ್ತಿದರು.

“ಬ್ಯಾನಿ ಆಗ್ತೈತೇನ್ರಿ ಅಂತ ಒಂದ ಮಾತ ಕೇಳಿದ್ರೇನು?” ಎಂದರು ಮೇಡಂ.

“ಮಾವಾರನ್ನ ಹೆಂಗ ಕೇಳೂದ್ರಿ?”

“ಮೊದಲನೇ ಹಂತದಾಗ ಅದನ್ನ ಕಲಸ್ತೀವ್ರಿ. ಎದುರಿಗೆ ಕುಂತಾವರನ್ನ ಕೇಳೂದು, ಮುಟ್ಟಿ ನೋಡೂದು. ನಿಮ್ಮ ಆಸನಾ ಭಾಳ ಚಲೋ ಅದಾವ. ಕಲಸೂದು ಬ್ಯಾರೆ ಐತಿ.”

ಆಟೋದಲ್ಲಿ ಮನೆಗೆ ಬರುವಾಗ ಬನಶಂಕರಿಗೆ ಮೊದಲು ಸಿಟ್ಟು ಬಂತು. ಟೀಚರ್ ಅನ್ನುವ ಓಣಿಗೆ ಏನು ಹೇಳುವುದು ಎಂಬ ಚಿಂತೆ ಆಮೇಲೆ. ಮನೆ ಮುಟ್ಟಿದ ಮಾವ ಮಗ್ಗದ ಅಂಚಿಗೆ ಕೂತು ಕುಣಿಗೆ ಕಾಲು ಇಳಿಬಿಡಲು ಹೋದರು, ಕಾಲು ಇಳಿಯಲಿಲ್ಲ. ಅವಳು ಅದನ್ನು ಕಂಡಳು. ಸಿಟ್ಟು, ಚಿಂತೆ ಎರಡೂ ಎಲ್ಲಿ ಹೋದವೋ. ಬಾಗಿಲ ಮರೆ ಬಿಟ್ಟು ಬಂದು ಮಾವನ ಮುಂದೆ ನೆಲಕ್ಕೆ ಕೂತಳು. ಮಂಡಿಯ ಮೇಲೆ ಕೈಯಿಟ್ಟಳು.

“ಎಲ್ಲಿ ಬ್ಯಾನಿ ಐತ್ರಿ ಮಾವಾರ?”

ಗೋವಿಂದಪ್ಪ ಗೋಡೆಯತ್ತ ಮುಖ ತಿರುಗಿಸಿದರು. ಹಾಗೆಯೇ ಬೆರಳಿಟ್ಟು ತೋರಿಸಿದರು.

“ಇಲ್ಲೆವ್ವಾ. ಇವತ್ತಿಂದಲ್ಲ, ಉಗಾದಿ ಆದಾಗಿಂದ ಐತಿ. ಯಾರೂ ಕೇಳಲಿಲ್ಲ, ಸುಮ್ಮನಿದ್ನಿ.”

ಮರುದಿನ ಬನಶಂಕರಿ ಕಾಲೇಜು ಹುಡುಗಿಯರ ನಡುವೆ ಹೋಗಿ ಕೂತಳು.